ಹೀಟರಿಗೊಂದು ಕಡಿವಾಣ

“ಬೇಗ ಮುಗಿಸಪ್ಪಾ! ಮಾವ ಕ್ಷೌರಕ್ಕೆ ಹೋಗಿದ್ದಾರೆ. ಅವರ ತಲೇಲಿ ಉಳಿದಿರೋದೇ ನಾಲ್ಕು ಕೂದಲು, ಎಷ್ಟು ಹೊತ್ತು ಆದೀತು?”

ಮೈ ಬೆವರಿಸುವ ‘ಸೌನಾ’ ಕೋಣೆಯ ಹೊರಗೆ ಸೊಸೆ ನಿಂತು ಒಂದು ಕಿವಿಯನ್ನು ಗೇಟಿನ ಕಡೆಗೆ, ಎರಡು ಕಣ್ಣನ್ನೂ ಎಲೆಕ್ಟ್ರಿಷಿಯನ್ ಕಡೆಗೆ ಇಟ್ಟಿದ್ದಳು.

ಕೋಣೆಯೇನೂ ದೊಡ್ಡದಲ್ಲ. ಗೋಡೆಗೆಲ್ಲ ಮರದ ಹಲಗೆ, ಕೂರಲು ಒಂದು ಬೆಂಚು, ಮೂಲೆಯಲ್ಲಿ ಮೈತುಂಬ ಕಲ್ಲು ಹೊತ್ತ ಕರೆಂಟಿನ ಹೀಟರ್. ಕಲ್ಲು ಕಾದರೆ ಒಳಗೆ ಕೂತವರು ಬೆವರಿ ನೀರಾಗಬೇಕು. ಆದರೆ ಮಾವ ಹೋಗುತ್ತಿದ್ದದ್ದು ಬೆವರುವುದಕ್ಕಲ್ಲ, ಗೆಲ್ಲುವುದಕ್ಕೆ. ಎರಕದ ಕಾರ್ಖಾನೆಯಲ್ಲಿ ಆಯುಸ್ಸೆಲ್ಲ ಬೆಂಕಿಯ ಮುಂದೆ ಕಳೆದವರು ಅವರು. ಬೀದಿಯವರು ಕರೆಯುತ್ತಿದ್ದದ್ದೇ ‘ಕುಲುಮೆ’ ಎಂದು. ಪ್ರತಿ ಭಾನುವಾರ ಅವರು ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ ಹೊರಗೆ ಮನೆಮಂದಿಗೆಲ್ಲ ಉಸಿರು ಬಿಗಿ. ಎದೆ ತಪಾಸಣೆ ಮಾಡಿದ ಡಾಕ್ಟರು ಹತ್ತೇ ನಿಮಿಷ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹತ್ತು ನಿಮಿಷ ತನಗೆ ಚಳಿ ಬಿಡುವುದಕ್ಕೂ ಸಾಲದು ಎಂದು ಮಾವ ಡಾಕ್ಟರ ಮುಖಕ್ಕೇ ಹೇಳಿ ಬಂದಿದ್ದರು.

“ಟೈಮರ್ ಹಾಕಿಸೋಣ ಅಂದಿದ್ದಕ್ಕೆ ನನ್ನ ಹತ್ರ ಮಾತೇ ಬಿಟ್ಟಿದ್ರು,” ಎಂದಳು ಸೊಸೆ. “ಈ ಹೀಟರ್ ಕೆಟ್ಟಿರೋದಕ್ಕೇ ಅವರು ಬದುಕಿದ್ದಾರೆ ನೋಡು. ಕೂತ ಸ್ವಲ್ಪ ಹೊತ್ತಿಗೆಲ್ಲ ತಾನಾಗೇ ಆರಿಬಿಡುತ್ತೆ. ಹೊರಗೆ ಬಂದು, ‘ಹೀಟರ್ ಸೋತೋಯ್ತು, ನಾನಲ್ಲ’ ಅಂತ ಮೀಸೆ ತಿರುವ್ತಾರೆ. ಯಾವತ್ತಾದ್ರೂ ಇದು ಸರಿಹೋಗಿಬಿಟ್ರೆ ಗತಿ ಏನು?”

“ಹಳೇ ಹೀಟರ್ ಅಲ್ವಾ ಅಕ್ಕಾ, ಅದರ ಬುದ್ಧಿನೇ ಹಾಗೆ,” ಎಂದ ಎಲೆಕ್ಟ್ರಿಷಿಯನ್. ಕೋಣೆ ತಣ್ಣಗಿತ್ತು. ಆದರೂ ಅವನ ಹಣೆಯಲ್ಲಿ ಬೆವರು.

ಬೆವರದೇ ಇರುತ್ತಾನೆಯೇ? ಕುಲುಮೆಯ ಬಾಯಿಗೆ ಸಿಕ್ಕವರು ಮೂರು ದಿನ ಮಂಕಾಗಿರುತ್ತಾರೆ ಎಂಬುದು ಬೀದಿಗೇ ಗೊತ್ತು. ಅವನು ತಡಮಾಡಲಿಲ್ಲ. ಹೀಟರಿನ ಫ್ಯೂಸ್ ಎಲ್ಲಿದೆ ಎಂದು ಹೇಳಲು ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಕೆಳಗಿನ ಕಪಾಟಿಗೆ ನೆಟ್ಟಗೆ ಹೋಗಿ ಕಿತ್ತು ತಂದಿದ್ದ. ಚುರುಕು ಮನುಷ್ಯ ಎಂದುಕೊಂಡಳು ಅವಳು.

ಆದರೆ ಬಾಗಿಲ ಪಕ್ಕದ ಸ್ವಿಚ್ ಪೆಟ್ಟಿಗೆಯ ಮುಂದೆ ನಿಂತದ್ದೇ ಆ ಚುರುಕೆಲ್ಲ ಇಳಿಯಿತು.

“ಪೆಟ್ಟಿಗೆ ಬಿಚ್ಚೋದು ಬೇಡ ಅಕ್ಕಾ. ಮೇಲೇ, ಗೋಡೆಗೆ ಹಾಕ್ತೀನಿ.”

“ಚೆನ್ನಾಗಿದೆ! ಮಾವನ ಕಣ್ಣಿಗೆ ಬೀಳಲಿ ಅಂತಾನಾ? ಒಳಗೇ ಹಾಕು. ಟಾರ್ಚ್ ನಾನು ಹಿಡೀತೀನಿ.”

“ಅಯ್ಯೋ, ಬೇಡ ಬೇಡ! ನೀವು ದೂರ ನಿಲ್ಲಿ. ಕರೆಂಟಿನ ವ್ಯವಹಾರ.”

ಮುಚ್ಚಳವನ್ನು ಕೈ ತೂರುವಷ್ಟೇ ತೆರೆದು, ಬೆನ್ನನ್ನು ಅಡ್ಡ ಕೊಟ್ಟು, ಒಳಗೆ ತಡಕಾಡತೊಡಗಿದ. ಬೆಂಕಿಪೊಟ್ಟಣದಷ್ಟಿದ್ದ ಹೊಸ ಟೈಮರ್ ಅವನ ಇನ್ನೊಂದು ಕೈಯಲ್ಲಿತ್ತು. ಬಿಸಿ ಏರಿದ ಮೇಲೆ ಹತ್ತು ನಿಮಿಷ ಎಣಿಸಿ, ಹೀಟರಿನ ಕರೆಂಟು ಕಡಿಯುವುದು ಅದರ ಕೆಲಸ.

ಗೇಟು ಕಿರುಗುಟ್ಟಿತು.

ನುಣ್ಣನೆಯ ತಲೆ ಸವರಿಕೊಳ್ಳುತ್ತ ಮಾವ ಎದುರಿಗೇ ಬಂದು ನಿಂತರು.

“ಬಲ್ಬು ಹೋಗಿತ್ತು ಮಾವ, ಅದಕ್ಕೆ...”

ಅವಳ ತಲೆಯ ಮೇಲೆ ಬಲ್ಬು ಜಗ್ಗನೆ ಉರಿಯುತ್ತಿತ್ತು.

ಮಾವ ಬಲ್ಬನ್ನು ನೋಡಿದರು, ಟೈಮರನ್ನು ನೋಡಿದರು, ತೆರೆದ ಪೆಟ್ಟಿಗೆಯನ್ನು ನೋಡಿದರು. ಮುಖ ಕೆಂಪಡರಿತು. “ನನ್ನ ಪೆಟ್ಟಿಗೆಗೆ ಕೈ ಹಾಕೋಕೆ ಎಷ್ಟು ಧೈರ್ಯ? ನಾನೇನು ಎಳೇ ಮಗುನಾ, ಟೈಮರ್ ಕಟ್ಟೋಕೆ?”

“ಹೌದು, ನಾನೇ ಕರೆಸಿದ್ದು!” ಸೊಸೆ ಬಾಗಿಲ ಮೇಲೆ ಕೈಯಿಟ್ಟಳು. “ನೀವು ಒಳಗಿರೋವಷ್ಟು ಹೊತ್ತೂ ಈ ಬಾಗಿಲಿಗೆ ಕಿವಿ ಹಚ್ಚಿ ನಿಂತಿರ್ತೀನಿ. ನೀವು ಕೆಮ್ಮಿದ್ರೆ, ಸದ್ಯ, ಇದ್ದಾರಲ್ಲಾ ಅಂತ ಜೀವ ಬರುತ್ತೆ. ನನಗೆ ನೀವು ಬೇಕು ಮಾವ, ನಿಮ್ಮ ಶೌರ್ಯ ಅಲ್ಲ.”

ಮಾವ ಮುಖ ತಿರುಗಿಸಿ ಎಲೆಕ್ಟ್ರಿಷಿಯನ್ನಿನ ರಟ್ಟೆಗೆ ಕೈ ಹಾಕಿದರು.

“ನೀನು ಒಳಗೆ ಹೋಗಮ್ಮಾ. ಇವನನ್ನ ನಾನು ವಿಚಾರಿಸ್ಕೋತೀನಿ.”

ದರದರನೆ ಸೌನಾ ಕೋಣೆಯೊಳಕ್ಕೆ ಎಳೆದುಕೊಂಡು ಹೋಗಿ ಅಗುಳಿ ಹಾಕಿಬಿಟ್ಟರು. ಸೊಸೆ ಹೊರಗೆ ಕೈ ಹಿಸುಕಿಕೊಂಡಳು. ಅಯ್ಯೋ ಪಾಪ, ತನ್ನಿಂದಾಗಿ ಆ ಬಡಪಾಯಿಗೆ ಪೆಟ್ಟು ಬೀಳುತ್ತದಲ್ಲ!

ಒಳಗೆ ಮಾವ ಅವನ ರಟ್ಟೆ ಬಿಟ್ಟು, ಬೆಂಚಿನ ಮೇಲೆ ಕುಸಿದು ಕೂತು, ಕಣ್ಣೊರೆಸಿಕೊಂಡು, ದನಿ ತಗ್ಗಿಸಿದರು.

“ಹೋದ ವರ್ಷ ನೀನು ನನಗೆ ಕದ್ದು ಹಾಕಿಕೊಟ್ಟ ಟೈಮರ್ ಅವಳ ಕಣ್ಣಿಗೆ ಬೀಳಲಿಲ್ಲ ತಾನೇ? ಇವಳದನ್ನೂ ಹಾಕಿಬಿಡು ಪುಣ್ಯಾತ್ಮಾ, ನಂದನ್ನ ಮಾತ್ರ ಅರ್ಧಕ್ಕೆ ಇಳಿಸು, ಈಚೆಗೆ ಅಷ್ಟೂ ತಡೆಯೋಕಾಗ್ತಿಲ್ಲ.”