ಬೆಲೆ ಕೇಳಿ ಮೊಳೆಯುವ ತೊಗರಿ

ಬೆಂಬಲ ಬೆಲೆ ಕಿವಿಗೆ ಬೀಳುವ ತನಕ ಮೊಳೆಯುವುದಿಲ್ಲವೆಂದು ತೊಗರಿ ಹಟ ಹಿಡಿದು ಹನ್ನೆರಡು ವರ್ಷವಾಗಿತ್ತು. ಬಿತ್ತನೆ ಮುಗಿದ ಮೇಲೆ ಕೃಷಿ ಸಹಾಯಕ ಭೀಮಶಾ ಮೈಕು ಹಿಡಿದು, ಹೊಲದಿಂದ ಹೊಲಕ್ಕೆ ಹೋಗಿ ಸರ್ಕಾರದ ಆದೇಶ ಓದುವುದು ಕಳೆ ತೆಗೆಯುವಷ್ಟೇ ಮಾಮೂಲಿ ಕೆಲಸ. ಈ ಸಲ ಬಿತ್ತಿ ಹದಿನೈದು ದಿನವಾದರೂ ಆದೇಶ ಬಂದಿರಲಿಲ್ಲ. ಇನ್ನೊಂದು ವಾರ ಹೀಗೇ ಕೂತರೆ ಕಾಳು ಮಣ್ಣಲ್ಲೇ ಕೊಳೆಯುತ್ತದೆ.

“ಫೈಲು ಮ್ಯಾಲ ಅದ, ಗುರುಬಾಯಕ್ಕ,” ಎಂದ ಭೀಮಶಾ, ಗುರುಬಾಯಿಯ ಹೊಲದ ಬದುವಿನ ಮೇಲೆ ನಿಂತು.

“ಎಷ್ಟು ಮ್ಯಾಲರೀ ಸಾಹೇಬ್ರ? ಮೋಡಕ್ಕಿಂತ ಮ್ಯಾಲೇನು? ಮೋಡ ಆಗಲೇ ಹೊಂಟಾವ.”

ಅವಳ ಮುಖ ನೋಡಲಾರದೆ ಅವನು ಹೋದ ವರ್ಷದ ಬೆಲೆಯನ್ನೇ ಓದಿದ. ಒಂದು ಕಾಳೂ ಮಿಸುಕಲಿಲ್ಲ. ಸಾವಿರ ರೂಪಾಯಿ ಹೆಚ್ಚಿಗೆ ಸೇರಿಸಿ ಓದಿದ. ಸುಳ್ಳೆಂದು ಅವಕ್ಕೂ ಗೊತ್ತಾಯಿತು. ಸೋತು ಬೈಕು ಹತ್ತಿ ಹಿಂದಿರುಗಿ ನೋಡಿದರೆ, ಗುರುಬಾಯಿ ಸೆರಗು ಸಿಕ್ಕಿಸಿ, ಕರಿಮಣ್ಣಿಗೆ ಬಾಯಿ ಹಚ್ಚಿ, ಸಾಲುಸಾಲಿಗೂ ಏನೋ ಪಿಸುಗುಟ್ಟುತ್ತಿದ್ದಳು.

ನಾಲ್ಕನೇ ದಿನ ಊರ ಹೊಲಗಳೆಲ್ಲ ಬೋಳಾಗಿರಲು, ಅವಳ ಹೊಲವೊಂದೇ ಹಸಿರಾಗಿತ್ತು. ಭೀಮಶಾನಿಗೆ ಗಾಬರಿಯಾಯಿತು.

“ಎಷ್ಟು ರೇಟ್ ಹೇಳಿದ್ರಿ ಅಕ್ಕಾ? ನಾಳೆ ನನ್ನ ನೌಕರಿಗೇ ಬರ್ತದ!”

“ರೇಟ್ ಎಲ್ಲಿ ಹೇಳಿದೆರೀ? ನಮ್ಮಪ್ಪ ಪ್ರತಿ ವರ್ಷ ಹೇಳ್ತಿದ್ದ ಮಾತ ಹೇಳಿದೆ. ‘ಈ ವರ್ಷ ಹ್ಯಾಂಗರ ನಡಸೋಣು, ಮುಂದಿನ ವರ್ಷ ಛಲೋ ರೇಟ್ ಬರ್ತದ’ ಅಂತ.”

“ಅದನ್ನ ನಂಬಿದವೇನು?”

“ನಂಬದ ಏನ್ ಮಾಡ್ತಾವರೀ? ರೈತರ ಮನ್ಯಾಗ ಹುಟ್ಟಿದ ಕಾಳು ಅವು.”