ಸುಣ್ಣದ ಗೆರೆ

ಗಾಲ್ಫ್ ಕ್ಲಬ್ಬಿನ ಅಧ್ಯಕ್ಷರು ಕಬ್ಬಿಣದ ತಲೆಯ ಐರನ್ ಕೋಲು ಬೀಸಿದರು. ಅಂಗೈ ಅಗಲದ ಹುಲ್ಲಿನ ಹೆಂಟೆಯೊಂದು ಕಿತ್ತುಕೊಂಡು ಹಾರಿತು. ಚೆಂಡು ಅದರ ಹಿಂದೆಯೇ ಉರುಳಿಕೊಂಡು ಹೋಗಿ, ಹೆಂಟೆ ಬಿದ್ದ ಜಾಗಕ್ಕಿಂತ ಸ್ವಲ್ಪ ಈಚೆಗೇ ನಿಂತುಬಿಟ್ಟಿತು.

"ಸಾರ್, ಈ ಸಲ ಸದ್ದೇ ಬೇರೆ ಇತ್ತು," ಎಂದ ಕ್ಲಬ್ಬಿನ ಕಾರ್ಯದರ್ಶಿ. ಬೆನ್ನ ಹಿಂದೆ ಎಲ್ಲರೂ ಅವನನ್ನು ಬಾಲ ಎನ್ನುತ್ತಿದ್ದರು. ಅಧ್ಯಕ್ಷರು ಹೋದಲ್ಲೆಲ್ಲ ಹೋಗುತ್ತಿದ್ದ, ಅವರು ನಿಂತಾಗ ಅಲ್ಲಾಡುತ್ತಿದ್ದ.

ಹೊಸದಾಗಿ ಬಂದ ಗಾಲ್ಫ್ ಮೇಷ್ಟರು ಮಾತ್ರ ಬಗ್ಗಿ ನೆಲ ನೋಡಿದರು. ಹುಲ್ಲಿನ ಮೇಲೆ ಅವರೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಚೆಂಡು ಇಟ್ಟಿದ್ದರು. ಐರನ್ ಕೋಲಿನ ಗುಟ್ಟೆಲ್ಲ ಇಷ್ಟೇ: ಅದು ಮೊದಲು ಚೆಂಡಿಗೆ ಬಡಿಯಬೇಕು, ನೆಲಕ್ಕೆ ಆಮೇಲೆ. ಹೊಡೆತ ಸರಿಯಿದ್ದರೆ ಹುಲ್ಲು ಕಿತ್ತ ಗಾಯ ಗೆರೆ ದಾಟಿದ ಮೇಲೆ ಶುರುವಾಗುತ್ತದೆ. ಅಧ್ಯಕ್ಷರು ಮಾಡಿದ ಗಾಯ ಗೆರೆಗಿಂತ ಒಂದು ಗೇಣು ಹಿಂದೆಯೇ ಶುರುವಾಗಿ ಅಲ್ಲೇ ಮುಗಿದಿತ್ತು.

ಮೇಷ್ಟರಿಗೆ ಒಂದು ಕೆಟ್ಟ ಚಾಳಿ, ಕಂಡದ್ದನ್ನು ಹೇಳಿಬಿಡುವುದು. ಅದರ ದೆಸೆಯಿಂದ ಹಿಂದಿನ ಎರಡು ಕ್ಲಬ್ಬುಗಳಲ್ಲಿ ಕೆಲಸ ಹೋಗಿತ್ತು. ಕೆಲಸದ ಜೊತೆಗೆ ಕ್ಲಬ್ಬು ಕೊಟ್ಟ ಮನೆಯೂ ಹೋಗಿತ್ತು. ಈ ಸಲ ಅವರ ಹೆಂಡತಿ ಪರದೆಗಳಿದ್ದ ಟ್ರಂಕಿನ ಬೀಗವನ್ನೇ ತೆಗೆದಿರಲಿಲ್ಲ. "ಕಂಡದ್ದು ಕಂಡ ಹಾಗೆ ಹೇಳಿದ್ರೆ ಕೆಂಡದಂಥ ಕೋಪ ಅಂತ ನಿಮಗೆ ಇನ್ನೂ ಗೊತ್ತಾಗಿಲ್ಲ. ನೀವು 'ಪರವಾಗಿಲ್ಲ' ಅನ್ನೋದು ಕಲೀರಿ, ಆಮೇಲೆ ಪರದೆ ಕಟ್ತೀನಿ," ಎಂದಿದ್ದಳು. ಅಲ್ಲಿಯವರೆಗೆ ಅವಳು ಸೀರೆ ಬದಲಿಸಲು ಬಚ್ಚಲಿಗೆ ಹೋಗುತ್ತಿದ್ದಳು.

"ಏನ್ರೀ ಮೇಷ್ಟ್ರೇ, ಹೇಗಿತ್ತು?" ಎಂದರು ಅಧ್ಯಕ್ಷರು.

"ತೋಳು ಚೆನ್ನಾಗಿ ತಿರುಗ್ತಿದೆ ಸರ್. ಆದ್ರೆ ಭಾರವೆಲ್ಲ ಬಲಗಾಲಲ್ಲೇ ಉಳೀತಿದೆ. ಅದಕ್ಕೇ ಕೋಲು ಮೊದ್ಲು ನೆಲಕ್ಕೆ ಬಡೀತಿದೆ."

ಅಧ್ಯಕ್ಷರ ಮುಖ ಹುಳ್ಳಗಾಯಿತು. "ಇಲ್ಲಿ ನೆಲ ಉಬ್ಬಿದೆ," ಎಂದರು. ಬಾಲ ಬೂಟುಗಾಲಿನಿಂದ ನೆಲ ಒತ್ತಿ ನೋಡಿ, "ಉಬ್ಬಿದೆ ಸಾರ್," ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಅವಳಿಗೆ ಹೂಂಗುಟ್ಟಲು ಒಬ್ಬ ಕಾರ್ಯದರ್ಶಿ ಇರಲಿಲ್ಲ.

ಜಾಗ ಬದಲಾಯಿತು, ಹೊಸ ಗೆರೆ ಬಿತ್ತು. ಅಲ್ಲಿ ನೆಲ ತಗ್ಗಾಗಿತ್ತು. ಇನ್ನೊಂದು ಕಡೆ ಬಿಸಿಲು ಕಣ್ಣಿಗೆ ಹೊಡೆಯಿತು. ಮತ್ತೊಂದು ಕಡೆ ಹುಲ್ಲೇ ಸರಿಯಾದ ಜಾತಿಯದಲ್ಲ ಎಂದು ಬಾಲ ಕಂಡುಹಿಡಿದ. ಮೈದಾನದ ಆ ಮೂಲೆಯೆಲ್ಲ ಹೆಗ್ಗಣ ಕೆದಕಿದ ಹಾಗಾಯಿತು, ಗಾಯ ಮಾತ್ರ ಗೆರೆ ದಾಟಲಿಲ್ಲ.

ಅಧ್ಯಕ್ಷರು ನೀರು ಕುಡಿಯಲು ಹೋದಾಗ ಬಾಲ ಮೇಷ್ಟರ ಹೆಗಲ ಮೇಲೆ ಕೈ ಹಾಕಿದ.

"ನಿಮಗಿಂತ ಮುಂಚೆ ಇದ್ದವರೂ ಒಳ್ಳೇ ಆಟಗಾರರೇ ಮೇಷ್ಟ್ರೇ. ಅವರೂ ಹೀಗೇ ಬಲಗಾಲು ಬಲಗಾಲು ಅಂತಿದ್ರು. ನೀವಿರೋ ಮನೆ ಖಾಲಿ ಆಗಿದ್ದು ಹೇಗೆ ಅಂದ್ಕೊಂಡ್ರಿ?"

"ಗೆರೆ ಸುಳ್ಳು ಹೇಳಲ್ವಲ್ಲ ಸ್ವಾಮಿ."

"ತಪ್ಪಿರೋದು ಗೆರೆಯಲ್ಲೇ. ಆತುರ ಬಿದ್ದು ಮೊದಲೇ ಎಳೆದುಬಿಡ್ತೀರಿ. ದೊಡ್ಡೋರು ಎಲ್ಲಿ ಹೊಡೀತಾರೆ ಅಂತ ತಿಳ್ಕೊಂಡು ಎಳೀಬೇಕಪ್ಪ."

ಮೇಷ್ಟರು ಸುಣ್ಣದ ಡಬ್ಬಿ ಹಿಡಿದು ಬೇಲಿಯ ಕಡೆ ನೋಡಿದರು. ಬೇಲಿಯಾಚೆ ಅವರ ಮನೆ. ಪರದೆಯಿಲ್ಲದ ಕಿಟಕಿಯೊಳಗೆ ಹೆಂಡತಿ ಪಾತ್ರೆ ಒರೆಸುತ್ತಿರುವುದು ಅಲ್ಲಿಯವರೆಗೂ ಕಾಣುತ್ತಿತ್ತು. ಯಾರು ಬೇಕಾದರೂ ನೋಡಬಹುದಿತ್ತು.

"ಸರ್, ಈ ಸಲ ನೀವು ಹೊಡೆದುಬಿಡಿ," ಎಂದರು, ಅಧ್ಯಕ್ಷರು ಮರಳಿ ಬಂದಾಗ. "ಗೆರೆ ಆಮೇಲೆ ಎಳೀತೀನಿ."

ಅಧ್ಯಕ್ಷರು ಬೀಸಿದರು. ಹೆಂಟೆ ಹಾರಿತು. ಚೆಂಡು ಕುಪ್ಪಳಿಸುತ್ತ ಹೋಗಿ ಪೊದೆ ಸೇರಿತು. ಅದು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಮೇಷ್ಟರು ಮಂಡಿಯೂರಿ ಕುಳಿತು, ಗಾಯಕ್ಕಿಂತ ಒಂದು ಬೆರಳು ಹಿಂದೆ, ದಾರ ಹಿಡಿದ ಹಾಗೆ ನೆಟ್ಟಗೆ ಗೆರೆ ಎಳೆದರು.

"ನೋಡಿ ಸರ್. ಪೂರ್ತಿ ಗೆರೆಯಿಂದ ಮುಂದೆ."

ಅಧ್ಯಕ್ಷರು ಗಾಯದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಅವರ ಕಣ್ಣು ತುಂಬಿ ಬಂದಿತ್ತು. "ನಾನು ಮೊದಲಿಂದ ಇದನ್ನೇ ಅಲ್ವೇನ್ರೀ ಹೇಳ್ತಿದ್ದಿದ್ದು. ಕಲಿಸೋರು ಸರಿಯಾಗಿದ್ರೆ ಬಂದೇ ಬರುತ್ತೆ," ಎಂದರು. ಬಾಲ ಗೆರೆಯ ಫೋಟೊ ತೆಗೆದ. "ಮನೆ ಅನುಕೂಲವಾಗಿದೆಯಾ ಮೇಷ್ಟ್ರೇ? ಇನ್ನು ಆರಾಮಾಗಿ ಇದ್ದುಬಿಡಿ," ಎಂದು ಅಧ್ಯಕ್ಷರೇ ಬೆನ್ನು ತಟ್ಟಿದರು.

ಸುದ್ದಿ ಕೇಳಿದ ಹೆಂಡತಿ ಒಲೆ ಆರಿಸಿ ಟ್ರಂಕು ಎಳೆದಳು. ತಾನೇ ಸ್ಟೂಲು ಹತ್ತಿ ಮೊಳೆ ಹೊಡೆದು ಪರದೆ ಕಟ್ಟಿದಳು. ಎಡಗಡೆಯ ಮೊಳೆ ನಾಲ್ಕು ಬೆರಳು ಕೆಳಗೆ ಕೂತಿತ್ತು. ಪರದೆ ಆ ಕಡೆ ನೆಲ ಗುಡಿಸುತ್ತಿತ್ತು, ಈ ಕಡೆ ಗೋಡೆ ತೋರಿಸುತ್ತಿತ್ತು.

"ರೀ, ಸ್ವಲ್ಪ ದೂರ ನಿಂತು ನೋಡಿ ಹೇಳಿ. ನೆಟ್ಟಗಿದೆಯಾ?"

ಮೇಷ್ಟರು ಬಾಗಿಲವರೆಗೂ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

"ಪರದೆ ನೆಟ್ಟಗಿದೆ ಕಣೇ," ಎಂದರು. "ಕಿಟಕಿನೇ ಸ್ವಲ್ಪ ವಾರೆ."