ನೂರಾ ಹನ್ನೆರಡನೆಯ ಪುಟ

ಒಳಗೆ ಬಾರದೆ ಹೊಸ್ತಿಲ ಮೇಲೆಯೇ ನಿಂತುಬಿಟ್ಟ ಮನುಷ್ಯನನ್ನು ಕಂಡ ಕೂಡಲೇ ಬೆನಿಲ್ದೆಗೆ ಗುರುತು ಹತ್ತಿತು. ಕೂದಲು ಹೋಗಿತ್ತು, ಹೊಟ್ಟೆ ಬಂದಿತ್ತು, ಮೂಗು ಮಾತ್ರ ಪುಸ್ತಕದ ಹಿಂಬದಿಯ ಫೋಟೋದಲ್ಲಿದ್ದದ್ದೇ. ಫಾಕುಂಡೊ ಲಾಸಾರ್ತೆ. ಸ್ಪೇನಿನಲ್ಲಿ ಯಾರೂ ಮೂಸಿ ನೋಡದ ಊರುಗಳಿಗೆಲ್ಲ ಜನರನ್ನು ಹೊರಡಿಸಿದ ಪ್ರವಾಸಿ ಕೈಪಿಡಿಯ ಲೇಖಕ.

"ಬನ್ನಿ ಸಾರ್, ಅಲ್ಲೇ ಯಾಕೆ ನಿಂತ್ರಿ? ಹೊಸ್ತಿಲ ಶಾಸ್ತ್ರ ಎಲ್ಲ ಹೊಸಬರಿಗೆ. ನಿಮಗೂ ಮಾಡಿದ್ರೆ ಊರು ನಗುತ್ತೆ."

ಆತ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಒಳಗೆ ಬಂದು ಕುಳಿತ.

ಪ್ರಕಾಶಕರ ಪತ್ರ ಬಂದು ವಾರವಾಗಿತ್ತು. ಕೈಪಿಡಿಯ ಹೊಸ ಮುದ್ರಣ ಬರುತ್ತದೆ, ಲೇಖಕರು ಖುದ್ದಾಗಿ ಪರಿಶೀಲಿಸಿ ನಿಜವಲ್ಲದ ಪುಟಗಳನ್ನು ಕಿತ್ತುಹಾಕುತ್ತಾರೆ ಎಂದು ಅದರಲ್ಲಿತ್ತು. ಸಮೋರಾ ಪಟ್ಟಣದ ಪಾಲಿಗೆ ಇದ್ದದ್ದು ಒಂದೇ ಪುಟ, ನೂರಾ ಹನ್ನೆರಡನೆಯದು. ಅದು ಹೋದರೆ ನದಿಗಿಳಿಯುವ ಈ ಗಲ್ಲಿಗೆ ನರಪಿಳ್ಳೆಯೂ ಇಳಿಯುವುದಿಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಅಮ್ಮ ಕಟ್ಟಿದ ಈ ವೈನಿನಂಗಡಿಗೆ ಬೀಗ. ಆಮೇಲೆ ವಯ್ಯಾದೊಲಿದ್‌ನಲ್ಲಿರುವ ತಂಗಿಯ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡಿರಬೇಕು.

ಪುಟದಲ್ಲಿ ಬರೆದದ್ದು ಇಷ್ಟು: ಸಮೋರಾದವರು ಮೊದಲ ಸಲ ಬಂದವರನ್ನು ಹೊಸ್ತಿಲ ಮೇಲೆ ನಿಲ್ಲಿಸಿ ವೈನಿನಲ್ಲಿ ಅದ್ದಿದ ಬ್ರೆಡ್ಡಿನ ಅಂಚು ತಿನ್ನಿಸುತ್ತಾರೆ, ಬಂದವರ ಊರಿನ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ, ಆಮೇಲೆ ನದಿಯ ಕಡೆಗೆ ಮುಖ ಮಾಡಿಸಿ ಕೂರಿಸುತ್ತಾರೆ.

ತೊಂದರೆ ಏನೆಂದರೆ, ಪುಸ್ತಕ ಬರುವ ಮುಂಚೆ ಬೆನಿಲ್ದೆಯ ಅಮ್ಮ ಲೇಯೊನಿಸಾ ಇಂಥದ್ದೊಂದನ್ನು ಕೇಳಿಯೇ ಇರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ಒಂದು ಜೋಡಿ, ಕೈಯಲ್ಲಿ ಕೈಪಿಡಿ ಹಿಡಿದು, ಹೊಸ್ತಿಲ ಮೇಲೆ ಬಾಯಿ ತೆರೆದು ನಿಂತಿತು. ಕೆಥೆಡ್ರಲ್ ಕಡೆಯ ಅಂಗಡಿಯವರು ಇದು ನದಿ ಕೇರಿಯವರ ಪದ್ಧತಿ ಇರಬೇಕೆಂದುಕೊಂಡರು. ನದಿ ಕೇರಿಯವರು ಕೆಥೆಡ್ರಲ್‌ನವರದೆಂದುಕೊಂಡರು. ನಮ್ಮೂರಿನ ಆಚಾರ ನಮಗೇ ಗೊತ್ತಿಲ್ಲವೆಂದು ಮ್ಯಾಡ್ರಿಡ್‌ನವನ ಪುಸ್ತಕದ ಮುಂದೆ ಒಪ್ಪಿಕೊಳ್ಳುವ ಬುದ್ಧಿ ಸಮೋರಾದಲ್ಲಿ ಯಾರಿಗೂ ಬರಲಿಲ್ಲ. ಎರಡನೆಯ ಬೇಸಿಗೆಗೆ ಊರೆಲ್ಲ ಬ್ರೆಡ್ಡು ಅದ್ದುತ್ತಿತ್ತು. ಮೂರನೆಯದಕ್ಕೆ, ತಮ್ಮ ಅಜ್ಜಿಯೂ ಹೀಗೇ ಮಾಡುತ್ತಿದ್ದಳೆಂದು ಎಲ್ಲರಿಗೂ ನೆನಪಾಯಿತು.

ಆದರೆ ಅಸಲಿಯನ್ನು ಕಣ್ಣಾರೆ ಕಂಡು ಬರೆದವನು ಈತ. ನಕಲಿಯಲ್ಲಿ ತಪ್ಪು ಹಿಡಿಯದೆ ಬಿಡುತ್ತಾನೆಯೇ?

"ನದಿ ಯಾವ ಕಡೆ ಬರುತ್ತಮ್ಮ?" ಲಾಸಾರ್ತೆ ಕೇಳಿದ.

ಮೂಲೆಯಲ್ಲಿ ಕುಳಿತಿದ್ದ ಟಿಬುರ್ಸಿಯೊ ಗ್ಲಾಸು ಕೆಳಗಿಟ್ಟ. ಮೀನಿನ ವ್ಯಾಪಾರ ಬಿಟ್ಟು ಹತ್ತು ವರ್ಷವಾಗಿದ್ದರೂ ಅವನ ಬಾಯಿಗೆ ಬಿಡುವಿರಲಿಲ್ಲ.

"ನೀವೇ ಬರೆದಿದ್ದೀರಲ್ಲ ಸ್ವಾಮಿ, ತೆಗೆದು ನೋಡ್ಕೊಳ್ಳಿ."

ಬೆನಿಲ್ದೆ ಅವನನ್ನು ದುರುಗುಟ್ಟಿ ನೋಡಿದಳು. ಪರೀಕ್ಷೆ ಶುರುವಾಗಿದೆ ಎಂದು ಅವಳಿಗೆ ಅರ್ಥವಾಗಿತ್ತು. "ಬಾಗಿಲಿಗೆ ನೇರ ಎದುರು ಸಾರ್. ಹೊಸಬರನ್ನ ಕೂರಿಸೋದೂ ಅಲ್ಲಿಗೇ ಮುಖ ಮಾಡಿಸಿ."

ಕುರಿಹಾಲಿನ ಚೀಸು ತಂದಿಟ್ಟಳು. ಆತ ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿಯುವುದನ್ನೇ ಮರೆತ.

"ಇಷ್ಟು ಚೆನ್ನಾಗಿರುತ್ತಾ ಇದು?"

"ನೀವೇ ಬರೆದದ್ದು ಸಾರ್, ದೇಶದಲ್ಲೇ ಇಂಥ ಚೀಸಿಲ್ಲ ಅಂತ."

"ಹೌದು," ಎಂದ ಲಾಸಾರ್ತೆ. "ಬರೆದಿದ್ದೆ."

ಅಷ್ಟರಲ್ಲಿ ಬಿಲ್ಬಾವೊದ ಗಂಡಹೆಂಡತಿ ಬಂದು ಹೊಸ್ತಿಲ ಮೇಲೆ ನಿಂತರು. ಕೈಯಲ್ಲಿ ಕೈಪಿಡಿ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಬೆನಿಲ್ದೆ ಬ್ರೆಡ್ಡಿನ ಅಂಚು ಮುರಿದಳು, ಅದ್ದಿದಳು, ಎಡಗೈಯಲ್ಲಿ ಹಿಡಿದಳು. ಯಾವ ಕೈ ಎಂದು ಪುಸ್ತಕದಲ್ಲಿರಲಿಲ್ಲ. ಎಡಗೈ ಎಂದು ತೀರ್ಮಾನಿಸಿದವಳು ಅಮ್ಮ. ತಿನ್ನಿಸಿದಳು. "ಬಿಲ್ಬಾವೊ," ಎಂದು ಕೂಗಿದಳು. ಟಿಬುರ್ಸಿಯೊ ಎದ್ದು ನಿಂತು ಅದನ್ನೇ ಕೂಗಿದ. ಬಂದ ಹೆಂಗಸು ನದಿಯ ಕಡೆ ನೋಡುತ್ತಾ ಕುಳಿತು ಕಣ್ಣೊರೆಸಿಕೊಂಡಳು.

ಲಾಸಾರ್ತೆಯ ಪೆನ್ನು ಓಡುತ್ತಲೇ ಇತ್ತು. ಅವನ ಮುಖ ಬಿಳಿಚಿಕೊಂಡಿತ್ತು. ಎಡಗೈ ತಪ್ಪಾಯಿತು ಎಂದುಕೊಂಡಳು ಬೆನಿಲ್ದೆ.

"ಇದನ್ನ ನಿಮಗೆ ಯಾರು ಕಲಿಸಿದ್ರು?"

"ನಮ್ಮಮ್ಮ."

"ಅವರಿಗೆ?"

ಅಜ್ಜಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಮಾತನ್ನು ಮೂವತ್ತು ವರ್ಷ ಎಷ್ಟೋ ಜನರಿಗೆ ಹೇಳಿದ್ದಳು. ಆದರೆ ಇವತ್ತು ನಾಲಿಗೆ ಏಳಲಿಲ್ಲ. ಅವಳಿಗೆ ಸುಸ್ತಾಗಿತ್ತು, ನಾಚಿಕೆಯೂ ಆಗಿತ್ತು. ಬಿಲ್ಬಾವೊದವರಿಗೆ ಕೇಳಿಸದಂತೆ ಬಗ್ಗಿದಳು.

"ನಿಮ್ಮ ಪುಸ್ತಕ ಸಾರ್. ನಮಗ್ಯಾರಿಗೂ ಗೊತ್ತಿರಲಿಲ್ಲ. ಹಳಬರು ಮರೆತುಬಿಟ್ಟಿದ್ರು, ನೀವು ಉಳಿಸಿಕೊಟ್ರಿ. ನಾವು ನೋಡಿ ಕಲಿತವರಲ್ಲ, ಓದಿ ಕಲಿತವರು. ಪುಟ ತೆಗೀಬೇಕು ಅಂದ್ರೆ ತೆಗೀರಿ. ಸುಳ್ಳು ಹೇಳಿ ಸಾಕಾಗಿದೆ."



ಲಾಸಾರ್ತೆ ಬರೆದದ್ದನ್ನೆಲ್ಲ ಒಮ್ಮೆ ಓದಿದ, ನೋಟುಪುಸ್ತಕ ಮುಚ್ಚಿದ. "ಪುಟ ಇರುತ್ತಮ್ಮ. ಒಂದಕ್ಷರ ತೆಗೆಯಲ್ಲ. ಎಡಗೈ ಅನ್ನೋದೊಂದು ಸೇರಿಸ್ತೀನಿ."

ಬೆನಿಲ್ದೆ ಅವನೆದುರೇ ಕುಳಿತಳು. ಅಂಗಡಿ ಉಳಿಯಿತು. ಈತನನ್ನು ಕೇಳಬೇಕೆಂದು ಅಮ್ಮ ಸಾಯುವವರೆಗೂ ಅಂದುಕೊಂಡಿದ್ದ ಪ್ರಶ್ನೆಯೊಂದು ಆಗ ಅವಳ ಬಾಯಿಗೆ ಬಂತು.

"ಒಂದು ಹೇಳಿ ಸಾರ್. ನೀವು ನಿಜವಾದದ್ದನ್ನ ನೋಡಿದ್ದು ಯಾರ ಮನೇಲಿ?"

ಲಾಸಾರ್ತೆ ಕುರ್ಚಿಯನ್ನು ನದಿಯ ಕಡೆಗೆ ತಿರುಗಿಸಿಕೊಂಡ.

"ನಾನು ಈ ಊರಿಗೆ ಬಂದದ್ದೇ ಇವತ್ತು ಕಣಮ್ಮ."